ಥಂಡಿ ಹೊಡೆದದ್ದಲ್ಲ

ಚಳಿಗಾಲ ಶುರುವಾಯಿತೆಂದರೆ ವಿಜಯಪುರದ ಜನಕ್ಕೆ ಹೊಗಳಲು ಏನೋ ಒಂದು ಸಿಕ್ಕಂತಾಗುತ್ತದೆ. ವರ್ಷವಿಡೀ ಬಿಸಿಲನ್ನು ಬೈದ ಬಾಯಿಗಳು ಡಿಸೆಂಬರಿನಲ್ಲಿ ಒಮ್ಮೆಲೇ ಸಿಹಿಯಾಗುತ್ತವೆ. "ಏನ್ ಥಂಡಿರೀ ಯಪ್ಪಾ ಈ ಸಲ, ಮಹಾಬಳೇಶ್ವರ ಆಗೇತಿ ನಮ್ಮೂರು" ಎಂದು ಕಿವಿಗೆ ಮಫ್ಲರ್ ಸುತ್ತಿಕೊಂಡ ಗಂಡಸರು ಹಾಲಿನ ಅಂಗಡಿಯ ಮುಂದೆ ನಿಂತು ಹೇಳುತ್ತಾರೆ. ಹೇಳಿ, ಅಲ್ಲೇ ಪಕ್ಕಕ್ಕೆ ಕಫ ಉಗುಳುತ್ತಾರೆ.

ನನಗೆ ಈ ಹೊಗಳಿಕೆ ಕೇಳಿದರೆ ವಾಕರಿಕೆ ಬರುತ್ತದೆ. ಜಲನಗರದ ನಮ್ಮ ಓಣಿಯ ತಿರುವಿನಲ್ಲಿ ದಿನಾ ಬೆಳಗ್ಗೆ ಬೆಂಕಿ ಹಾಕುತ್ತಾರೆ. ಬೇವಿನ ತರಗೆಲೆಯೊಂದಿಗೆ ಹಾಲಿನ ಖಾಲಿ ಪ್ಯಾಕೆಟ್ಟು, ಹರಿದ ಚಪ್ಪಲಿ, ಸೈಕಲ್ಲಿನ ಟ್ಯೂಬಿನ ತುಂಡು, ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ ಬೀಳುತ್ತದೆ. ಸುತ್ತ ನಿಂತವರು ಆ ಕಪ್ಪು ಹೊಗೆಯಲ್ಲೇ ಅಂಗೈ ಕಾಯಿಸಿಕೊಂಡು, ಅದೇ ಕೈಯಿಂದ ಮೂಗು ಒರೆಸಿಕೊಳ್ಳುತ್ತಾರೆ. ಕಾಲೇಜಿನ ತರಗತಿಗೆ ಹೋದರೆ ನುಸಿಗುಳಿಗೆ, ಹರಳೆಣ್ಣೆ, ತೊಳೆಯದ ಸ್ವೆಟರ್, ಸ್ನಾನದ ಬದಲು ಹಾಕಿಕೊಂಡ ಪೌಡರ್ ಎಲ್ಲ ಸೇರಿದ ಒಂದು ಗವಲು. ಒಡೆದ ಹಿಮ್ಮಡಿಗೆ ಹಚ್ಚಿದ ವ್ಯಾಸಲೀನಿಗೆ ಎರೆಮಣ್ಣಿನ ಧೂಳು ಅಂಟಿ, ಮನೆಮನೆಯ ಚಾದರಕ್ಕೂ ಅದರ ಕರೆ. ಇದೆಲ್ಲ ಮೊದಲೂ ಇತ್ತು, ಮೊದಲು ಸಹಿಸುತ್ತಿದ್ದೆ. ಈಗ ಸಹಿಸಲಾರೆ. ಹೋದ ಚಳಿಗಾಲದಿಂದ 'ಬೆಚ್ಚಗೆ' ಎಂಬ ಶಬ್ದವೇ ನನ್ನ ಮೂಗಿಗೆ ಹಳಸಿದ ಹಾಲಿನ ಹಾಗೆ ನಾರುತ್ತದೆ.

ಹೋದ ಚಳಿಗಾಲದಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ಗಂಡನ ಮನೆ ಬಬಲೇಶ್ವರದ ಹತ್ತಿರದ ಜೈನಾಪುರ, ಒಕ್ಕಲುತನದ ಮನೆ. ತವರು ಎಂದರೆ ಜಲನಗರದ ನಮ್ಮ ಮನೆ. ಇಲ್ಲಿ ಅಪ್ಪ, ಅವ್ವ, ಅಕ್ಕನಾದ ನಾನು. ಅಪ್ಪ ನೌಕರಿಯಿಂದ ನಿವೃತ್ತರಾಗಿದ್ದಾರೆ. ನಾನು ಎಂ.ಎ. ಮುಗಿಸಿ ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಬಾಣಂತನ ಮಾಡಲು ಟಿಕೋಟಾದಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ. ಬಸ್ಸಿನಿಂದ ಇಳಿದವಳ ಒಂದು ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಇದ್ದಿಲು ತುಂಬಿದ ಗೋಣಿಚೀಲ. ಆಟೋದವನು ಚೀಲ ನೋಡಿ ಮುಖ ಸಿಂಡರಿಸಿದನಂತೆ. "ಬಂಗಾರ ಐತಿ ತಮ್ಮಾ, ಕಪ್ಪ ಬಂಗಾರ. ನಿನ್ನ ಹೇಣ್ತಿ ಬಾಣಂತನಕ್ಕ ಬೇಕಾದ್ರ ಹೇಳು" ಅಂದಳಂತೆ. ಬಂದವಳೇ ಅದನ್ನು ನಮಗೆಲ್ಲ ಹೇಳಿ ನಕ್ಕಳು. ನಾವೂ ನಕ್ಕೆವು. ದೊಡ್ಡವ್ವ ಇದ್ದ ಮನೆಯಲ್ಲಿ ನಗು ಇದ್ದೇ ಇರುತ್ತದೆ. ನನಗೆ ಅವಳು ಇಟ್ಟ ಹೆಸರು 'ಕಾಲೇಜ'.

"ಏ ಕಾಲೇಜ, ಬಾ ಇಲ್ಲಿ. ಈ ಕಿಟಕಿ ಸಂದಿ ನೋಡು. ಇಷ್ಟ ಸಂದ್ಯಾಗ ಆನಿ ಹೊಗತೈತಿ, ಥಂಡಿ ಹೊಗಂಗಿಲ್ಲೇನ?"

ತಂಗಿಗೆಂದು ಬಿಟ್ಟುಕೊಟ್ಟ ಕೋಣೆ ನನ್ನದೇ. ಸಿಮೆಂಟಿನ ಚಾವಣಿ, ಅಲ್ಯೂಮಿನಿಯಂ ಚೌಕಟ್ಟಿನ ಸರಿಸುವ ಕಿಟಕಿ. ದೊಡ್ಡವ್ವ ಹಳೆಯ ಸೀರೆ ಹರಿದು ಆ ಚೌಕಟ್ಟಿನ ಸಂದಿಯ ತುಂಬ ತುರುಕಿದಳು. ಮೇಲೆ ಅಪ್ಪನಿಂದ ಅಗಲವಾದ ಟೇಪ್ ಹಚ್ಚಿಸಿದಳು. ಮೇಲಿನ ಗಾಳಿಕಿಂಡಿಗೆ ರಟ್ಟು. ಹೊರಗೆ ಮೂಡಗಾಳಿ ಬೀಸುತ್ತಿತ್ತು. ನೀರಿನ ನಳ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಬಾಣಂತಿಗೆ ಗಾಳಿ ತಾಕಬಾರದು, ಕೂಸಿಗೆ ಥಂಡಿ ಹತ್ತಬಾರದು ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅವ್ವನಿಗೆ ಇದ್ದ ಚಿಂತೆ ಬೇರೆ, ಬೆರಣಿಯ ಹೊಗೆಯದು. ತೊಟ್ಟಿಲ ಕಾರ್ಯಕ್ಕೆಂದು ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದೆವು. "ಯಕ್ಕಾ, ಕುಳ್ಳ ಹಚ್ಚಿದ್ರ ಗ್ವಾಡಿ ಎಲ್ಲಾ ಮಸಿ ಆಗ್ತಾವ ಬೇ" ಎಂದಳು.

"ಅದಕ್ಕ ಇದ್ದಲಿ ತಂದೇನಿ. ಕುಳ್ಳಿನ ಹಂಗ ಅಲ್ಲ ಇದು. ಹಿತ್ತಲದಾಗ ನಿಗಿನಿಗಿ ಮಾಡಿ ಒಳಗ ತರತೇನಿ. ಒಂದ ಎಳಿ ಹೊಗಿ ಬಂದ್ರ ನನ್ನ ಹೆಸರ ಬ್ಯಾರೆ ಇಡ್ರಿ. ಹೊಗಿ ಇಲ್ಲ ಅಂದ್ರ ಏನೂ ಇಲ್ಲ."

ಹೊಗಿ ಇಲ್ಲ ಅಂದ್ರ ಏನೂ ಇಲ್ಲ. ಈ ಮಾತು ಈಗಲೂ ನನ್ನ ಕಿವಿಯಲ್ಲಿ ತಿರುಗುತ್ತದೆ, ಅವಳ ಧ್ವನಿಯಲ್ಲೇ.

ಟಿಕೋಟಾದ ಅವಳ ಮನೆಯಲ್ಲೇ ನಾನು ಹುಟ್ಟಿದ್ದು. ಅದು ಮಣ್ಣಿನ ಮಾಳಿಗೆ ಮನೆ. ಬಾಣಂತಿ ಕೋಣೆಯ ನೆತ್ತಿಗೆ ಒಂದು ಬೆಳಕಿಂಡಿ ಇತ್ತು. ಬಾಗಿಲಿಗೂ ಹೊಸ್ತಿಲಿಗೂ ನಡುವೆ ಬೆಕ್ಕು ನುಸುಳುವಷ್ಟು ಸಂದು. ಹೊರಸಿನ ಮಂಚದ ಕೆಳಗೆ ಕುಳ್ಳಿನ ಬೆಂಕಿ ಇಟ್ಟರೆ ಕಣ್ಣು ಉರಿಯುತ್ತಿತ್ತು, ಬಾಣಂತಿ ಕೆಮ್ಮುತ್ತಿದ್ದಳು, ಯಾರಾದರೂ ಬೈದುಕೊಂಡು ಬಾಗಿಲು ತೆಗೆಯುತ್ತಿದ್ದರು. ಆ ಮನೆ ಮುಚ್ಚಿದ್ದರೂ ಉಸಿರಾಡುತ್ತಿತ್ತು. ಜಲನಗರದ ಕೋಣೆಗೆ ಕೆಮ್ಮೂ ಇರಲಿಲ್ಲ, ಕಣ್ಣುರಿಯೂ ಇರಲಿಲ್ಲ, ಗೋಡೆಗೆ ಒಂದು ಕಲೆಯೂ ಆಗಲಿಲ್ಲ. ಅವ್ವ ಬಂದವರಿಗೆಲ್ಲ ಗೋಡೆ ತೋರಿಸಿ ಹೇಳುತ್ತಿದ್ದಳು: "ನೋಡ್ರಿ, ಕೆಂಡ ಹಾಕೇವಿ ಅಂತ ಗೊತ್ತರ ಆಗತೈತೇನು?"

ತಂಗಿ ಮಾತ್ರ ತಲೆನೋವು ಎನ್ನುತ್ತಿದ್ದಳು. ದಿನಾ ಎಣ್ಣೆ ಹಚ್ಚಿ ಕುದಿಯುವ ನೀರು ಎರೆದು, ಬಚ್ಚಲಲ್ಲೇ ಲೋಬಾನದ ಹೊಗೆ ಕೊಟ್ಟು, ತಲೆಗೆ ಬಟ್ಟೆ ಬಿಗಿದು ಮಲಗಿಸಿದ ಮೇಲೆ ಅವಳಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. "ಥಂಡಿ ಹೊಕ್ಕೈತಿ" ಎಂದು ದೊಡ್ಡವ್ವ ಕೆಂಡದ ಶೆಗಡಿಗೆ ಇನ್ನೆರಡು ಹಿಡಿ ಇದ್ದಿಲು ಸುರಿಯುತ್ತಿದ್ದಳು. ಅಗಲ ಬಾಯಿಯ ಆ ಕಬ್ಬಿಣದ ಶೆಗಡಿಯನ್ನು ಬಬಲೇಶ್ವರದ ಸಂತೆಯಿಂದ ತಂಗಿಯ ಅತ್ತೆಯೇ ಕೊಂಡು ಕಳಿಸಿದ್ದರು. ಸೊಸೆಯ ಮೇಲಿನ ಪ್ರೀತಿ.

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ರವಿವಾರ. ಬೆಳಗಿನ ಬಿಸಿಲು ಅಂಗಳಕ್ಕೆ ಬಂದಿತ್ತು. ಆದರೂ ನೆರಳಲ್ಲಿ ನಿಂತರೆ ನಡುಕ. ಅವತ್ತು ಅಲ್ಲಿಯವರೆಗಿನ ಎಲ್ಲ ದಿನಕ್ಕಿಂತ ಹೆಚ್ಚು ಚಳಿ ಇದ್ದುದರಿಂದ ಶೆಗಡಿ ತುಂಬಿ ತುಳುಕುತ್ತಿತ್ತು. ನೀರೆರೆದು ಮುಗಿಸಿ ದೊಡ್ಡವ್ವ ಹೊರಗೆ ಬಂದು, ಕೋಣೆಯ ಬಾಗಿಲೆಳೆದು, ಅದರ ಬುಡಕ್ಕೆ ಹೊರಗಿನಿಂದ ಒಂದು ಕೌದಿ ಸುತ್ತಿ ಒತ್ತಿದಳು. ಕೂಸು ಸ್ವಲ್ಪ ಹೊತ್ತು ಅತ್ತಿತು. ಆಮೇಲೆ ಸುಮ್ಮನಾಯಿತು.

"ನೋಡ, ಬೆಚ್ಚಗಾತು. ಮಲಗ್ತು" ಎಂದಳು ದೊಡ್ಡವ್ವ. ಹಿತ್ತಲಿನ ಬಿಸಿಲಿಗೆ ಕಾಲು ಚಾಚಿ ಕೂತು ಶೇಂಗಾ ಸುಲಿಯತೊಡಗಿದಳು.

ನಾನು ಅಡುಗೆಮನೆಯಲ್ಲಿ ತಂಗಿಗೆ ಅಳವಿ ಪಾಯಸ ಕಾಯಿಸುತ್ತಿದ್ದೆ. ಬಟ್ಟಲು ಹಿಡಿದು ಹೋಗಿ ಕಾಲಿನಿಂದ ಕೌದಿ ಸರಿಸಿ ಬಾಗಿಲು ನೂಕಿದೆ. ಒಳಗಿನ ಕಾವು ಮುಖಕ್ಕೆ ಬಂದು ಹೊಡೆಯಿತು. ಹೊಗೆ ಇರಲಿಲ್ಲ. ನಿಜವಾಗಿಯೂ ಒಂದೆಳೆ ಹೊಗೆಯೂ ಇರಲಿಲ್ಲ. ಹೊರಸಿನ ಕೆಳಗೆ ಕೆಂಡ ದಾಸವಾಳದ ಬಣ್ಣಕ್ಕೆ ಬೆಳಗುತ್ತಿತ್ತು, ಅಷ್ಟು ಚೆಂದವಾಗಿ. ತಂಗಿ ಅರ್ಧ ಮೈ ಹೊರಸಿನಿಂದ ಹೊರಗೆ ಜೋತು ಬಿದ್ದಿದ್ದಳು. ಏಳಲು ನೋಡಿದ್ದಳು, ಆಗಿರಲಿಲ್ಲ. ದಿಂಬಿನ ಮೇಲೆ, ಕೂದಲಲ್ಲಿ, ತಲೆಗೆ ಬಿಗಿದ ಬಟ್ಟೆಯಲ್ಲಿ ವಾಂತಿ. ಅಂಟಿನುಂಡಿಯ ತುಪ್ಪದ ವಾಸನೆ, ಲೋಬಾನ, ಬಜೆ, ಹುಳಿಹಾಲು. ಆ ಕಾವಿನಲ್ಲಿ ಎಲ್ಲ ಸೇರಿ ಬೆಂದ ವಾಸನೆ. ಅವಳ ಮುಖ ಕೆಂಪಗಿತ್ತು. ಕರೆದೆ. ಕಣ್ಣರೆಪ್ಪೆ ಅಲುಗಿತು, ಅಷ್ಟೇ.

ಪಕ್ಕದಲ್ಲಿದ್ದ ಕೂಸನ್ನು ಎತ್ತಿಕೊಂಡೆ. ತೊಯ್ದ ಬಟ್ಟೆ ಎತ್ತಿದಂತಾಯಿತು. ಕತ್ತು ನನ್ನ ಮೊಣಕೈಯ ಮೇಲೆ ಹಿಂದಕ್ಕೆ ಬಿತ್ತು. ಮೈ ಮಾತ್ರ ಬೆಚ್ಚಗಿತ್ತು.

ಕಿರುಚಿದೆನಂತೆ. ನನಗೆ ನೆನಪಿಲ್ಲ. ಕಿಟಕಿಗೆ ಕೈ ಹಾಕಿದ್ದು ನೆನಪಿದೆ. ಸೀರೆಯ ತುಂಡು, ಟೇಪು, ಅದು ಒಂದಿಷ್ಟೂ ಜರುಗಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ಹೊರಗೆ ಓಡಿದೆ. ಹೊಸ್ತಿಲಲ್ಲಿ ದೊಡ್ಡವ್ವ ಅಡ್ಡ ಬಂದಳು. ಶೇಂಗಾ ಸಿಪ್ಪೆಯ ಧೂಳಿನ ಕೈಯಲ್ಲಿ ಕೂಸಿನ ಬಟ್ಟೆ ಹಿಡಿದಳು.

"ಎಲ್ಲಿ ಒಯ್ಯಾಕತ್ತಿ ಲೇ? ಹೊರಗ ಥಂಡಿ ಐತಿ! ಕೂಸ ಸಾಯತೈತಿ!"

"ಬಿಡ ದೊಡ್ಡವ್ವಾ! ಒಳಗಿದ್ರ ಕೂಸ ಸಾಯತೈತಿ!"

"ಮಾರಿ ಮುಚ್ಚ ಮೊದ್ಲ. ಗಾಳಿ ಬಡೀತೈತಿ. ಒಳಗ ತಾ!"

ಇದೇ ನನ್ನನ್ನು ಬಿಡದೆ ಕಾಡುವುದು. ಆ ಹೊಸ್ತಿಲು. ಅವಳು ಒಳಕ್ಕೆ ಎಳೆಯುತ್ತಿದ್ದಾಳೆ, ನಾನು ಹೊರಕ್ಕೆ. ನಡುವೆ ಕತ್ತು ನಿಲ್ಲದ ಒಂದು ಕೂಸು. ಇಬ್ಬರ ಬಾಯಲ್ಲೂ ಒಂದೇ ಮಾತು, ಕೂಸು ಸಾಯತೈತಿ. ಅವಳ ಹಿಡಿತ ಎಷ್ಟು ಗಟ್ಟಿಯಿತ್ತೆಂದರೆ ನನಗಿಂತ ಹೆಚ್ಚಿನ ಪ್ರೀತಿ ಅದರಲ್ಲಿತ್ತೋ ಏನೋ. ಪಾಠ ಹೇಳುವಾಗ, ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ ನನ್ನ ಕೈ ತಾನಾಗಿ ಬಿಗಿಯುತ್ತದೆ. ಒಮ್ಮೊಮ್ಮೆ ನನ್ನ ನೆನಪಿನಲ್ಲಿ ಅವಳೇ ಗೆಲ್ಲುತ್ತಾಳೆ.

ಕೊನೆಗೆ ಬಟ್ಟೆ ಅವಳ ಕೈಯಲ್ಲಿ ಉಳಿಯಿತು, ಕೂಸು ನನ್ನ ಕೈಯಲ್ಲಿ. ಅಂಗಳಕ್ಕೆ ಬಂದೆ. ಅಪ್ಪ ಪೇಪರ್ ಬಿಸಾಕಿ ಒಳಗೆ ನುಗ್ಗಿದರು. ತಂಗಿಯನ್ನು ಕೌದಿಯ ಮೇಲೆ ಹಾಕಿ, ಎಳೆದುಕೊಂಡೇ ಹೊರಗೆ ತಂದರು. ಓಣಿ ಕೂಡಿತು. ತಿರುವಿನಲ್ಲಿ ಟ್ಯೂಬು ಸುಟ್ಟು ಕೈ ಕಾಯಿಸುತ್ತಿದ್ದವರೆಲ್ಲ ಬಂದರು, ಆ ನಾತವನ್ನು ಹೊತ್ತುಕೊಂಡೇ ಬಂದರು. "ಉಳ್ಳಾಗಡ್ಡಿ ಹಿಡೀರಿ ಮೂಗಿಗೆ" ಎಂದರು ಒಬ್ಬರು. "ಮ್ಯಾಲ ಕಂಬಳಿ ಹೊದಸ್ರಿ, ಥಂಡಿ ಹೊಡದೈತಿ" ಎಂದರು ಇನ್ನೊಬ್ಬರು. ಹಸಿ ಬಾಣಂತಿ ಎದೆ ಮೇಲಿನ ಬಟ್ಟೆ ಸರಿದು, ವಾಂತಿ ಮೆತ್ತಿಕೊಂಡು ನೆಲದ ಮೇಲೆ ಬಿದ್ದಿದ್ದರೆ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಅವನ ಇನ್ನೊಂದು ಕೈಯಲ್ಲಿ ಚಹಾ ಇತ್ತು. ಚಹಾ ಚೆಲ್ಲದಂತೆ ಜೋಪಾನವಾಗಿ ಹಿಡಿದಿದ್ದ.

ಆಟೋ ಬಂತು. ಚಳಿಗೆಂದು ಅದರ ಎರಡೂ ಬದಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ತಂಗಿಯನ್ನು ಅವ್ವನ ತೊಡೆಯ ಮೇಲೆ ಒರಗಿಸಿ ನಾನು ಕೂಸಿನೊಂದಿಗೆ ಕೂತೆ. ಒಳಗೆ ಬೀಡಿಯ ವಾಸನೆ, ಕತ್ತಲು. ಮತ್ತೆ ಅದೇ ಕೋಣೆಯೊಳಗೆ ಹೊಕ್ಕಂತಾಗಿ ಪರದೆಯ ಗುಂಡಿ ಕಿತ್ತು ಎತ್ತಿಬಿಟ್ಟೆ.

"ಅಕ್ಕಾರ, ಹಸುಗೂಸು ಐತ್ರಿ. ಥಂಡಿ ಬರತೈತಿ" ಎಂದ ಡ್ರೈವರ್.

"ಬರ್ಲಿ. ನೀವು ಜೋರಾಗಿ ಹೊಡೀರಿ."

ಆಟೋ ಮುಖ್ಯ ರಸ್ತೆಗೆ ತಿರುಗಿದಾಗ ಗಾಳಿ ಒಮ್ಮೆಲೇ ಒಳಗೆ ನುಗ್ಗಿತು. ಚಾಕುವಿನಂಥ ಗಾಳಿ. ನನ್ನ ಕಣ್ಣಲ್ಲಿ ನೀರು ಬಂತು. ಅವ್ವ "ಯವ್ವಾ, ಮುಚ್ಚ ಬೇ" ಎಂದು ಅಳುತ್ತಿದ್ದಳು. ನಾನು ಕೂಸಿನ ಮುಖದ ಮೇಲಿನ ಸೆರಗನ್ನೂ ಸರಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ತುಟಿ ಸೊಟ್ಟಗಾಯಿತು. ಮೂಗು ಸುಕ್ಕಾಯಿತು. ಅಸಹ್ಯವಾದದ್ದೇನನ್ನೋ ಬಾಯಿಂದ ಉಗುಳುವಂತೆ ಮುಖ ಮಾಡಿ, ಹರಿದ ಸಣ್ಣ ದನಿಯಲ್ಲಿ ಅತ್ತಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಡಾಕ್ಟರಮ್ಮ ಮೊದಲು ಕೇಳಿದ್ದೇ "ಕೋಣ್ಯಾಗ ಏನ್ ಹಚ್ಚಿದ್ರಿ?" ಎಂದು.

"ಏನಿಲ್ರೀ, ಹೊಗಿನ ಇರಲಿಲ್ಲ" ಎಂದಳು ಅವ್ವ.

"ಕೆಂಡ ಹಾಕಿದ್ರಿಲ್ಲ?"

ಹೌದೆಂದು ನಾನು ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ, ದಿನಾ ಬರುತ್ತಿದ್ದ ತಲೆನೋವೇ ಅದರ ಸುಳಿವು ಎಂದು ಆಕೆ ಹೇಳಿದರು. ಪ್ರತಿ ಚಳಿಗಾಲದಲ್ಲೂ ಇಂಥವರನ್ನು ನೋಡುತ್ತೇವೆ, ಕೆಲವರನ್ನು ಇಲ್ಲಿಯ ತನಕ ತರುವುದೇ ಇಲ್ಲ ಎಂದರು. ಇಬ್ಬರೂ ಉಳಿದರು.

ನನಗೆ ಹೇಸಿಗೆಯಾದದ್ದು ಅದರ ನಂತರದ ದಿನಗಳಲ್ಲಿ. ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ಅವ್ವ ಹೇಳುತ್ತಿದ್ದುದು ಒಂದೇ: "ಥಂಡಿ ಹೊಡದಿತ್ರೀ." ಬಂದವರು ಹಣ್ಣಿನ ಚೀಲ ಇಟ್ಟು, "ಭಾಳ ಥಂಡಿ ಐತಿ ಬಿಡ್ರಿ ಈ ಸಲ, ಬೆಚ್ಚಗಿಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಕೆಲವರು ದೃಷ್ಟಿ ಎಂದರು. ದೊಡ್ಡವ್ವನಂತೂ ಥಂಡಿಯನ್ನೇ ಹಿಡಿದಳು. "ಕಾಲೇಜ ಬಾಗಿಲ ತಗದಳು ನೋಡು, ಆ ಕಾವಿನ್ಯಾಗ ಒಮ್ಮಿಗೇ ಥಂಡಿ ಹೊಕ್ತು" ಎಂದು ಟಿಕೋಟಾಕ್ಕೆಲ್ಲ ಫೋನ್ ಮಾಡಿ ಹೇಳಿದಳು. ಅವಳಿಗೆ ಸಿಟ್ಟಿರಲಿಲ್ಲ. ನನ್ನನ್ನು ಕ್ಷಮಿಸಿದ್ದಳು!

"ಯಾಕ ಸುಳ್ಳ ಹೇಳಾಕತ್ತಿ ಅವ್ವಾ?" ಎಂದು ಕೇಳಿದೆ.

"ಮತ್ತೇನ ಹೇಳ್ಲಿ? ತವರಮನ್ಯಾಗ ಕೆಂಡ ಹಾಕಿ ಕೊಲ್ಲಾಕ ನಿಂತಿದ್ರು ಅನ್ನಿಸಿಕೊಳ್ಳಲೇನು? ಥಂಡಿ ಅಂದ್ರ ಯಾರ ತಪ್ಪೂ ಇಲ್ಲ."

ಥಂಡಿ ಅಂದ್ರ ಯಾರ ತಪ್ಪೂ ಇಲ್ಲ. ಎಷ್ಟು ಅನುಕೂಲದ ಹವಾಮಾನ!

ತಂಗಿ ಮನೆಗೆ ಬಂದ ಮೇಲೆ ಕಿಟಕಿಯ ಟೇಪನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ. ದೊಡ್ಡವ್ವ ಮುನಿಸಿಕೊಂಡು ಊರಿಗೆ ಹೋದಳು. ಶೆಗಡಿ ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು. ತಂಗಿ ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಹಾಲು ಕುಡಿಸುತ್ತಿದ್ದಳು.

ಸಂಕ್ರಮಣದ ನಂತರ ಜೈನಾಪುರದಿಂದ ಅವಳ ಅತ್ತೆ ಬಂದರು. ಬಬಲೇಶ್ವರದ ಸಂತೆಯಲ್ಲಿ ಕೊಂಡ ಹೊಸ ಕಂಬಳಿ, ಕೂಸಿಗೆ ಉಣ್ಣೆಯ ಕುಲಾವಿ ತಂದಿದ್ದರು. ಮಾತು ಬಲ್ಲ ಹೆಂಗಸು. ಚಹಾ ಕುಡಿಯುತ್ತ ಹೇಳಿದರು: "ಬೀಗ್ತೇರ, ನಿಮ್ಮಲ್ಲಿ ಥಂಡಿ ಹೊಡೀತಂದ್ರ ನಿಮ್ಮ ತಪ್ಪೇನಿಲ್ಲ ಬಿಡ್ರಿ, ಪ್ಯಾಟಿ ಮನಿ ಥಣ್ಣಗಿರ್ತಾವ. ಲಗೂನ ಕಳಿಸಿ ಕೊಡ್ರಿ. ನಮ್ಮಲ್ಲಿ ಹೊಸಾ ಕೋಣಿ ಕಟ್ಸೇವಿ. ಸ್ಲ್ಯಾಬಿಂದು. ಒಂದ ಸಂದ ಇಲ್ಲ. ಗಾಳಿ ಅಂದ್ರ ಗಾಳಿ ಹೊಗಂಗಿಲ್ಲ. ಕೆಂಡ ಹಾಕಿ ಬೆಚ್ಚಗಿಡ್ತೇನಿ ನಿಮ್ಮ ಮಗಳನ್ನ. ಅಂದಂಗ ಆ ಶೆಗಡಿ ಕೊಟ್ಟ ಬಿಡ್ರಿ, ಒಯ್ತೇನಿ."

ಅವ್ವ ಎದ್ದಳು. ಶೆಗಡಿ ತರಲು ಎದ್ದಳು! ಹಿತ್ತಲ ಕಡೆ ಹೊರಟ ಅವಳ ಬೆನ್ನು ನೋಡುತ್ತ ನನಗೆ ಆ ವಾಸನೆ ಮತ್ತೆ ಗಂಟಲಿಗೆ ಬಂತು.

"ಥಂಡಿ ಹೊಡದಿಲ್ರೀ ಅತ್ತ್ಯಾರ" ಎಂದೆ. "ಕೆಂಡ ಹೊಡದದ್ದು. ಇದ ಶೆಗಡಿ. ಇಂಥಾದ ಸಂದಿಲ್ಲದ ಕೋಣಿ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಆಕೆ ಬಟ್ಟಲನ್ನು ನೆಲಕ್ಕಿಟ್ಟರು. "ಅಂದ್ರ ನಮ್ಮ ಸೊಸಿ ಮೊಮ್ಮಗಳನ್ನ ನೀವ ತಂದೂರಿಗೆ ಹಾಕಿದ್ರೆನ್ನಿ. ನಮಗ ಥಂಡಿ ಅಂತ ಕಥಿ ಹೇಳಿದ್ರಿ." ಅವ್ವನ ಮುಖ ನೋಡಲಾಗಲಿಲ್ಲ. ಆಮೇಲೆ ಆಕೆ ನನ್ನತ್ತ ತಿರುಗಿದರು. "ಮತ್ತ ನಮ್ಮ ಅತ್ತಿ ನಂಗ ಕೆಂಡ ಹಾಕಿದ್ರವಾ, ನಾ ಏನ್ ಸತ್ತೇನೇನು? ನೀವು ಹಾಕಾಕ ಬರಲಾರದ ಹಾಕೀರಿ. ಓದಿದವರ ಮನ್ಯಾಗ ಹಿಂಗ."

ಅಂದರೆ ನಿಜ ಹೇಳಿದರೂ ಕೆಂಡ ಗೆದ್ದಿತು. ತಪ್ಪು ಥಂಡಿಯದಲ್ಲವಾದರೆ ನಮ್ಮ ಕೈಯದು. ಕೆಂಡದ್ದಂತೂ ಅಲ್ಲವೇ ಅಲ್ಲ.

ಆಗ ಒಳಗಿನಿಂದ ತಂಗಿ ಬಂದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಳು.

"ಅತ್ತಿ, ನಂಗ ಎಚ್ಚರ ಇತ್ರಿ" ಎಂದಳು. "ಕೂಸ ಅಳೂದು ಕೇಳತಿತ್ತು. ಕೈ ಎತ್ತಾಕ ಬರಲಿಲ್ಲ. ಆಮ್ಯಾಲ ಅಳೂದ ನಿಂತ್ತು. ಅದೂ ಕೇಳಿಸ್ತು." ಉಸಿರು ತೆಗೆದುಕೊಂಡಳು. "ನಿಮ್ಮ ಕೋಣ್ಯಾಗ ಇರ್ತೇನ್ರಿ. ಕೆಂಡ ಬ್ಯಾಡ. ಕಿಟಕಿ ಮುಚ್ಚಂಗಿಲ್ಲ."

ಅತ್ತೆ ಕುಲಾವಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಹೋಗುವಾಗ ಶೆಗಡಿ ಕೇಳಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ. ಅವರು ಹೋದ ಮೇಲೆ ಅವ್ವ ನನ್ನೊಡನೆ ಬಹಳ ದಿನ ಮಾತು ಬಿಟ್ಟಳು. ಬೀಗರ ಮುಂದೆ ಅವಳ ಮಾನ ತೆಗೆದೆನೆಂದು ಅವಳ ಸಂಕಟ. ಆ ಸಂಕಟ ನನಗೆ ಅರ್ಥವಾಗುತ್ತದೆ, ಹೇಸಿಗೆಯೂ ಆಗುತ್ತದೆ.

ಚಳಿ ಇನ್ನೂ ಬಿಟ್ಟಿರಲಿಲ್ಲ, ತಂಗಿ ಜೈನಾಪುರಕ್ಕೆ ಹೋದಳು. ಮಾರನೆಯ ಬೆಳಗ್ಗೆ ಚಹಾಕ್ಕೂ ಮೊದಲೇ ಫೋನ್ ಮಾಡಿದೆ.

"ಕೆಂಡ ಹಾಕ್ಯಾರೇನು?"

"ಇಲ್ಲ."

"ಕಿಟಕಿ?"

"ಮುಚ್ಚಿದ್ರು. ತಡಿ, ಫೋನ್ ಇಡಬ್ಯಾಡ."

ನಾನು ಕಿವಿಗೊಟ್ಟು ನಿಂತೆ. ಬಟ್ಟೆ ಎಳೆಯುವ ಸದ್ದು. ಆಮೇಲೆ ಅಲ್ಯೂಮಿನಿಯಂ ಚೌಕಟ್ಟು ಹಲ್ಲು ಜುಮ್ಮೆನ್ನುವಂತೆ ಕಿರ್ರೆಂದು ಜರುಗಿತು. ಹೊಲದ ಗಾಳಿ ಫೋನಿನೊಳಗೆ ಬುಸುಗುಟ್ಟಿತು. ಅದರ ಹಿಂದೆಯೇ ಅತ್ತೆಯ ದನಿ: "ಮತ್ತ ತಗದಿಯೇನ ಕಿಟಕಿ? ಥಂಡಿ ಹೊಗತೈತಿ!"

"ಹೂಂ ರೀ ಅತ್ತಿ" ಎಂದಳು ತಂಗಿ. "ಹೊಗಲಿ."